ಸಹಾಯ ಬೇಕು: ಪೀಣ್ಯದ ಹತ್ತಿರ ಕ್ರೇನ್ ಪರೀಕ್ಷೆ ಸರಿಯಾಗಿ ಮಾಡುವವರು ಗೊತ್ತಾ?

ಎಲ್ಲರಿಗೂ ನಮಸ್ಕಾರ. ಬೆಂಗಳೂರು ಪೀಣ್ಯದ ಒಂದು ಫ್ಯಾಬ್ರಿಕೇಶನ್ ಶೆಡ್‌ನಲ್ಲಿ ಮೇಂಟೆನೆನ್ಸ್ ನೋಡಿಕೊಳ್ಳುತ್ತೇನೆ. ನಮ್ಮಲ್ಲಿ 5 ಟನ್‌ನ ಇಒಟಿ ಕ್ರೇನ್ (ಶೆಡ್‌ನ ಮೇಲ್ಭಾಗದಲ್ಲಿ ಹಳಿ ಮೇಲೆ ಓಡುವ ಕರೆಂಟ್ ಕ್ರೇನ್), ಚೈನ್ ಪುಲ್ಲಿ ಬ್ಲಾಕ್, ಒಂದಷ್ಟು ಸ್ಲಿಂಗ್ (ಸಾಮಾನು ಕಟ್ಟಿ ಎತ್ತುವ ಪಟ್ಟಿ, ಹಗ್ಗ), ಡಿ ಶಾಕಲ್ (ಅವನ್ನು ಜೋಡಿಸುವ ಕೊಂಡಿ) ಇವೆ. ವರ್ಷದ ಪರೀಕ್ಷೆ ಹತ್ತಿರ ಬಂದಿದೆ.

ಹೋದ ಸಲ ಬಂದವರು ಕ್ರೇನ್ ಮೇಲೆ ಹತ್ತಲೇ ಇಲ್ಲ. ಕೆಳಗೆ ನಿಂತು ಫೋಟೊ ತೆಗೆದು ಸರ್ಟಿಫಿಕೇಟ್ ಕೊಟ್ಟು ಹೋದರು. ಅಂಥ ಕಾಗದ ನನಗೆ ಬೇಡ. 2025ರ ನವೆಂಬರ್‌ವರೆಗೆ ಜಾರಿಯಲ್ಲಿದ್ದ 1948ರ ಕಾರ್ಖಾನೆ ಕಾಯ್ದೆಯ 29ನೇ ಸೆಕ್ಷನ್‌ನಲ್ಲಿ 12 ತಿಂಗಳಿಗೊಮ್ಮೆಯಾದರೂ ಕಾಂಪಿಟೆಂಟ್ ಪರ್ಸನ್ (ಇಂಥ ಪರೀಕ್ಷೆಗೆ ಮಾನ್ಯತೆ ಪಡೆದವರು) ಪೂರ್ತಿ ಪರೀಕ್ಷೆ ಮಾಡಬೇಕು ಅಂತಿತ್ತು. ಹುಕ್‌ನ ಬಾಯಿ ಅಗಲವಾಗಿದೆಯಾ, ವೈರ್ ರೋಪ್‌ನಲ್ಲಿ ಎಷ್ಟು ಎಳೆ ತುಂಡಾಗಿವೆ, ಬ್ರೇಕ್ ಹಿಡಿಯುತ್ತಾ, ಹುಕ್ ಮಿತಿ ಮೀರಿ ಹೋಗದಂತೆ ತಡೆಯುವ ಲಿಮಿಟ್ ಸ್ವಿಚ್ ಕೆಲಸ ಮಾಡುತ್ತಾ, ಇದನ್ನೆಲ್ಲ ಮುಟ್ಟಿ ಅಳೆದು ನೋಡಬೇಕು ಅಲ್ವಾ? ಕ್ರೇನ್ ಪಕ್ಕದಲ್ಲೇ ನಮ್ಮ ಹುಡುಗರು ದಿನವಿಡೀ ಕೆಲಸ ಮಾಡುತ್ತಾರೆ.

ಕಾರ್ಖಾನೆ ಇಲಾಖೆಯ ಮಾನ್ಯತೆ ಇದ್ದು, ಲೋಡ್ ಟೆಸ್ಟ್ (ತೂಕ ಎತ್ತಿಸಿ ನೋಡುವ ಪರೀಕ್ಷೆ) ನಿಜವಾಗಿ ಮಾಡುವವರು ಗೊತ್ತಿದ್ದರೆ ತಿಳಿಸಿ. ತೂಕ ಅವರೇ ತರುತ್ತಾರಾ, ನಾವೇ ಹೊಂದಿಸಬೇಕಾ? ದುಡ್ಡು ಸ್ವಲ್ಪ ಜಾಸ್ತಿಯಾದರೂ ಮಾಲೀಕರನ್ನು ಒಪ್ಪಿಸುತ್ತೇನೆ.

ಇನ್ನೊಂದು ವಿಷಯ. ಕೆಲವು ಸ್ಲಿಂಗ್‌ಗಳ ಎಸ್‌ಡಬ್ಲ್ಯುಎಲ್ (ಸುರಕ್ಷಿತವಾಗಿ ಎತ್ತಬಹುದಾದ ಗರಿಷ್ಠ ತೂಕ) ಟ್ಯಾಗ್ ಕಿತ್ತುಹೋಗಿದೆ. ಅವನ್ನು ಬಳಸದೆ ಪಕ್ಕಕ್ಕೆ ಇಟ್ಟಿದ್ದೇನೆ. ಟೆಸ್ಟ್ ಮಾಡಿಸಿ ಮತ್ತೆ ಟ್ಯಾಗ್ ಹಾಕಿಸಬಹುದಾ, ಇಲ್ಲ ಹೊಸದೇ ತಗೋಬೇಕಾ? ಅನುಭವ ಇರುವವರು ದಯವಿಟ್ಟು ಹೇಳಿ.