ಧನುಷ್ಕೋಟಿಯಲ್ಲಿ ಹತ್ತು ದಿನ ವಲಸೆ ಹಕ್ಕಿ ನೋಡುವ ಬಗ್ಗೆ

ಪ್ರಶ್ನೆ: ಜನವರಿಯಲ್ಲಿ ಹತ್ತು ದಿನ ರಾಮೇಶ್ವರದಲ್ಲಿ ಉಳಿದು, ದಿನವೂ ಧನುಷ್ಕೋಟಿಗೆ ಹೋಗಿ ವಲಸೆ ಹಕ್ಕಿಗಳನ್ನು ನೋಡಬೇಕೆಂದಿದ್ದೇನೆ. ಅದೇ ಜಾಗಕ್ಕೆ ಮತ್ತೆ ಮತ್ತೆ ಹೋಗುವುದರಲ್ಲಿ ಪ್ರಯೋಜನವಿದೆಯೇ? ಅನುಭವವಿದ್ದವರು ದಯವಿಟ್ಟು ತಿಳಿಸಬೇಕು.

ಉತ್ತರ 1: ಖಂಡಿತ ಇದೆ, ಆದರೆ ನಾನು ಮಾಡಿದ ತಪ್ಪನ್ನು ತಾವು ಮಾಡಬೇಡಿ. ಅಘನಾಶಿನಿಯ ಅಳಿವೆಯಲ್ಲಿ ಇಳಿತದ ಹೊತ್ತು ನೋಡಿ ಹೊರಡುವುದು ನನ್ನ ರೂಢಿಯಾಗಿತ್ತು, ಅದನ್ನೇ ಧನುಷ್ಕೋಟಿಗೂ ಕೊಂಡೊಯ್ದೆ. ಅಲ್ಲಿ ಉಬ್ಬರವಿಳಿತ ತೀರ ಕಡಿಮೆ, ತೆಳುನೀರನ್ನು ಅತ್ತಿತ್ತ ಸರಿಸುವುದು ಹೆಚ್ಚಾಗಿ ಗಾಳಿ. ರಸ್ತೆ ಮುಗಿಯುವ ತುದಿಯಾದ ಅರಿಚಲ್ ಮುನೈ ಕಡೆ ಹೋಗುವಾಗ ರಸ್ತೆಯ ಎಡಕ್ಕೆ ಪಾಕ್ ಕಡಲು, ಬಲಕ್ಕೆ ಮನ್ನಾರ್ ಕೊಲ್ಲಿ. ಸ್ಥಳೀಯರು ಮೊದಲನೆಯದನ್ನು ಹೆಣ್ಣು ಕಡಲು, ಎರಡನೆಯದನ್ನು ಗಂಡು ಕಡಲು ಎನ್ನುತ್ತಾರೆ. ಈಶಾನ್ಯದ ಗಾಳಿ ಬೀಸುವ ಜನವರಿಯಲ್ಲಿ ಮಾತ್ರ ಅಬ್ಬರಿಸುವುದು ಹೆಣ್ಣು ಕಡಲೇ. ನಿನ್ನೆ ಸ್ಟಿಂಟ್ ಎಂಬ ನೂರಾರು ಪುಟ್ಟ ತೀರಹಕ್ಕಿಗಳಿದ್ದ ಬಯಲು ಇಂದು ಖಾಲಿಯಾಗಿದ್ದರೆ ಅವು ಹೊರಟುಹೋದವೆಂದು ಬರೆದುಕೊಳ್ಳಬೇಡಿ, ಗಾಳಿಗೆ ಮರೆಯಾದ ದಿಬ್ಬದ ಹಿಂದೆ ಒಮ್ಮೆ ನೋಡಿ. ಆದ್ದರಿಂದ ದಿನವೂ ಅದೇ ಹೊತ್ತಿಗೆ, ಅದೇ ಒಂದು ಕಿಲೋಮೀಟರ್ ನಡೆದು, ಎಣಿಕೆಯ ಜೊತೆಗೆ ಗಾಳಿಯ ದಿಕ್ಕನ್ನೂ ಗುರುತು ಹಾಕಿಕೊಳ್ಳಿ.

ಅಲೆಯಂಚಿನಲ್ಲಿ ಸ್ಯಾಂಡರ್ಲಿಂಗ್ ಎಂಬ ತೀರಹಕ್ಕಿಗಳು ಖಚಿತವಾಗಿ ಸಿಗುತ್ತವೆ. ಅಲೆ ಹಿಂದೆ ಸರಿದೊಡನೆ ಅದರ ಬೆನ್ನಿಗೆ ಓಡಿ, ಒದ್ದೆ ಮರಳನ್ನು ಚುಚ್ಚಿ, ಮುಂದಿನ ಅಲೆ ತಾಗುವ ಮೊದಲೇ ಮರಳುತ್ತವೆ. ಅವು ಹೋದ ಮೇಲೆ ಹೆಜ್ಜೆ ನೋಡಿ: ಹಿಂಬೆರಳಿನ ಗುರುತಿಲ್ಲದೆ, ಮುಂದಿನ ಮೂರು ಬೆರಳಷ್ಟೇ ಮೂಡಿರುತ್ತವೆ.

ಉತ್ತರ 2: ರಾಜಹಂಸಗಳ (ಫ್ಲೆಮಿಂಗೊ) ಬಗ್ಗೆ ಒಂದು ಮಾತು. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನ ಮಳೆಯ ನೀರು ಎಷ್ಟು ನಿಂತಿದೆ ಎಂಬುದರ ಮೇಲೆ ಅವುಗಳ ಜಾಗ ಬದಲಾಗುವುದರಿಂದ, ಮೊದಲ ದಿನ ಕಾಣಲಿಲ್ಲವೆಂದು ನಿರಾಶರಾಗಬೇಡಿ. 2025ರಲ್ಲಿ ತಮಿಳುನಾಡು ಸರ್ಕಾರ ಆ ಪ್ರದೇಶವನ್ನು ರಾಜಹಂಸ ಅಭಯಾರಣ್ಯವೆಂದು ಘೋಷಿಸಿದೆ. ಫೋಟೋಕ್ಕಾಗಿ ನೀರಿಗಿಳಿಯದೆ ರಸ್ತೆಯಿಂದಲೇ ನೋಡುವುದು ಸರಿ. ಸಂಜೆಯಾದ ಮೇಲೆ ಅಲ್ಲಿ ಉಳಿಯಲು ಬಿಡುವುದಿಲ್ಲ, ಹಾಗಾಗಿ ಪ್ರವಾಸಿಗರ ವಾಹನಗಳು ತುಂಬುವ ಮೊದಲೇ, ಬೆಳಿಗ್ಗೆ ಬೇಗ ತಲುಪಿಬಿಡಿ. ಟ್ರೈಪಾಡನ್ನು ಗಿಡ್ಡಕ್ಕಿಟ್ಟು, ಕುಳಿತು ನೋಡಿ. ನಿಂತರೆ ಗಾಳಿಗೆ ಸ್ಕೋಪ್ (ದೂರದರ್ಶಕ) ನಡುಗಿ ಕೊಕ್ಕೂ ಕಾಣುವುದಿಲ್ಲ. ಗಾಜಿನ ಮೇಲೆ ಮರಳು ಕುಳಿತರೆ ಮೊದಲು ಊದಿ ತೆಗೆಯಿರಿ. ಅವಸರದಲ್ಲಿ ಬಟ್ಟೆಯಿಂದ ಉಜ್ಜಿ ನಾನು ಒಂದು ಲೆನ್ಸ್ ಕಳೆದುಕೊಂಡಿದ್ದೇನೆ.

ಉತ್ತರ 3: ಸ್ಯಾಂಡ್ ಪ್ಲೋವರ್ ಎಂಬ ತೀರಹಕ್ಕಿಗಳಲ್ಲಿ ಯಾವುದು ಯಾವ ಜಾತಿ ಎಂದು ಅಲ್ಲಿಯೇ ಹೆಸರಿಡಲು ಹೋಗಬೇಡಿ. ಚಳಿಗಾಲದ ಬೂದು ಗರಿಯಲ್ಲಿ ಎಲ್ಲವೂ ಒಂದೇ ರೀತಿ ಕಾಣುತ್ತವೆ. ಕೊಕ್ಕಿನ ಉದ್ದ, ಕಾಲಿನ ಬಣ್ಣ ಬರೆದುಕೊಂಡು ಬನ್ನಿ, ಹತ್ತನೆಯ ದಿನ ಕುಳಿತು ನೋಡಿದರಾಯಿತು.