ಸ್ಪೋರ್ಟ್ಸ್ ಕಾರ್ ತಗೊಂಡು ರ‍್ಯಾಲಿಗೆ ಇಳಿಯಬೇಕು, ಅನುಭವ ಇರುವವರು ಹೇಳಿ

ಕೇಳಿದವರು (ಮೈಸೂರು):
ಎಲ್ಲರಿಗೂ ನಮಸ್ಕಾರ. ವಯಸ್ಸು 27, ನಾಲ್ಕು ವರ್ಷ ಕೂಡಿಟ್ಟ ದುಡ್ಡಿದೆ. ಬೆಂಗಳೂರಲ್ಲಿ ಒಬ್ಬರು ಎರಡು ಬಾಗಿಲಿನ ಹಳೇ ಸ್ಪೋರ್ಟ್ಸ್ ಕಾರ್ ಮಾರುತ್ತಿದ್ದಾರೆ, ರಿಯರ್ ವೀಲ್ ಡ್ರೈವ್, ಇಂಜಿನ್ ಚೆನ್ನಾಗಿದೆ. ಮಾಂಟೆ ಕಾರ್ಲೋ ರ‍್ಯಾಲಿಯಲ್ಲಿ ಪೋರ್ಷೆ 911 ಓಡುವ ವಿಡಿಯೋ ನೋಡಿದಾಗಿನಿಂದ ತಲೆಯಲ್ಲಿ ಬೇರೆ ಏನೂ ಇಲ್ಲ. ಈ ಕಾರ್ ತಗೊಂಡು ರೋಲ್ ಕೇಜ್ (ಪಲ್ಟಿಯಾದರೆ ಒಳಗಿನವರನ್ನು ಕಾಪಾಡುವ ಪೈಪಿನ ಚೌಕಟ್ಟು) ಹಾಕಿಸಿದರೆ ಚಿಕ್ಕಮಗಳೂರು, ಕೊಡಗಿನ ರ‍್ಯಾಲಿಗಳಿಗೆ ಹೋಗಬಹುದಾ? ಸ್ಪೋರ್ಟ್ಸ್ ಕಾರುಗಳಿಗೆ ಆರ್-ಜಿಟಿ ಅನ್ನುವ ಕ್ಲಾಸ್ ಇದೆ ಅಂತ ಓದಿದೆ. ಮುಂದಿನ ವಾರ ಅಡ್ವಾನ್ಸ್ ಕೊಡಬೇಕು.

ಎಂಟು ವರ್ಷ ಕೋ-ಡ್ರೈವರ್ ಆಗಿದ್ದವರು:
ಅಡ್ವಾನ್ಸ್ ಕೊಡಬೇಡಿ. ಇಷ್ಟು ಓದಿ, ಆಮೇಲೆ ಯೋಚನೆ ಮಾಡಿ.

ರ‍್ಯಾಲಿಯಲ್ಲಿ ನಿಮ್ಮ ಕಾರ್ ಎಷ್ಟು ಜೋರಾಗಿ ಓಡುತ್ತದೆ ಅಂತ ಯಾರೂ ಮೊದಲು ಕೇಳುವುದಿಲ್ಲ. ಯಾವ ಕ್ಲಾಸ್ ಅಂತ ಕೇಳುತ್ತಾರೆ. ಅದಕ್ಕೆ ಉತ್ತರ ಹೋಮೋಲೋಗೇಷನ್ ಕಾಗದದಲ್ಲಿದೆ. ಅಂದರೆ ಈ ಮಾಡೆಲ್ ಇಂತಿಷ್ಟು ಸಂಖ್ಯೆಯಲ್ಲಿ ತಯಾರಾಗಿದೆ, ಇಂಜಿನ್ ಇಷ್ಟು, ಗೇರ್ ಹೀಗಿದೆ, ಸಸ್ಪೆನ್ಷನ್ ಹೀಗಿದೆ, ಇದರಲ್ಲಿ ಇದನ್ನು ಬದಲಾಯಿಸಬಹುದು, ಇದನ್ನು ಮುಟ್ಟುವ ಹಾಗಿಲ್ಲ ಅಂತ ಬರೆದಿಟ್ಟ ದಾಖಲೆ. ಕಾರಿನ ಜಾತಕ ಅಂದುಕೊಳ್ಳಿ. ನಮ್ಮಲ್ಲಿ ಇದನ್ನೆಲ್ಲ ನೋಡಿಕೊಳ್ಳುವುದು ಎಫ್‌ಎಂಎಸ್‌ಸಿಐ. ಅದು ದೇಶದ ಮೋಟಾರ್ ಕ್ರೀಡೆಯ ಸಂಸ್ಥೆ, ಸ್ಪರ್ಧೆಯ ಲೈಸೆನ್ಸ್ ಕೊಡುವುದೂ ಅವರೇ. ಆ ವರ್ಷದ ನಿಯಮ ಪುಸ್ತಕದಲ್ಲಿ ನಿಮ್ಮ ಕಾರಿಗೆ ಜಾಗ ಇಲ್ಲದಿದ್ದರೆ ಎಷ್ಟು ಲಕ್ಷ ಸುರಿದರೂ ಸ್ಟಾರ್ಟ್ ಲೈನ್ ಸಿಗುವುದಿಲ್ಲ.

ನಮ್ಮ ನ್ಯಾಷನಲ್ ರ‍್ಯಾಲಿಗಳಲ್ಲಿ ಯಾವ್ಯಾವ ಕಾರ್ ಓಡಿವೆ ಅಂತ ನೆನಪು ಮಾಡಿಕೊಳ್ಳಿ. ಜಿಪ್ಸಿ, ಎಸ್ಟೀಮ್, ಬಲೆನೊ, ಹೋಂಡಾ ಸಿಟಿ, ಮಿತ್ಸುಬಿಷಿ ಸೀಡಿಯಾ, ಪೋಲೊ. ಎಲ್ಲ ಮನೆ ಮುಂದೆ ನಿಲ್ಲುವ ಕಾರುಗಳೇ. ಬಿಡಿಭಾಗ ಸಿಗುತ್ತದೆ, ಗೊತ್ತಿರುವ ಮೆಕ್ಯಾನಿಕ್ ಇರುತ್ತಾನೆ, ರಾತ್ರಿ ಹನ್ನೊಂದಕ್ಕೆ ಡ್ರೈವ್ ಶಾಫ್ಟ್ ಹೋದರೂ ಬೆಳಿಗ್ಗೆಯೊಳಗೆ ಎಲ್ಲಿಂದಾದರೂ ಇನ್ನೊಂದು ಬರುತ್ತದೆ.

ಇನ್ನು ರಸ್ತೆ. ಕಾಫಿ ತೋಟದ ಸ್ಟೇಜ್‌ಗಳು (ಒಬ್ಬೊಬ್ಬರಾಗಿ ಸಮಯ ಅಳೆದು ಓಡಿಸುವ ರಸ್ತೆಗಳು) ಮಣ್ಣು, ಜಲ್ಲಿ. ಇಪ್ಪತ್ತು ಕಾರ್ ಹೋದ ಮೇಲೆ ಚಕ್ರದ ಜಾಡು ಗುಂಡಿಯಾಗಿ ನಡುವೆ ಕಲ್ಲು ಎದ್ದು ನಿಂತಿರುತ್ತದೆ. ನೆಲಕ್ಕೆ ಅಂಟಿಕೊಂಡಂತೆ ಇರುವ ಕಾರಿನ ಸಂಪ್ (ಇಂಜಿನ್ ಕೆಳಗಿನ ಆಯಿಲ್ ಪಾತ್ರೆ) ಮೊದಲ ಸ್ಟೇಜ್‌ನಲ್ಲೇ ಒಡೆಯುತ್ತದೆ. ಎತ್ತರ ಮಾಡಿಸುತ್ತೇನೆ ಅಂತೀರಾ, ಅದೂ ಆ ಜಾತಕದಲ್ಲಿ ಬರೆದಿರುವಷ್ಟೇ.

ಜರ್ಮನಿಯಲ್ಲಿರುವ ಕನ್ನಡಿಗರು:
ಆರ್-ಜಿಟಿ ಬಗ್ಗೆ ನಾನು ಹೇಳುತ್ತೇನೆ. ಅದರ ಮೊದಮೊದಲ ಕಾರುಗಳಲ್ಲಿ ಒಂದನ್ನು ಕಣ್ಣಾರೆ ನೋಡಿದ ಅದೃಷ್ಟ ನನ್ನದು.

2014ರ ಆಗಸ್ಟ್, ಟ್ರಿಯರ್ ಹತ್ತಿರ ಮೋಸೆಲ್ ನದಿ ಪಕ್ಕದ ದ್ರಾಕ್ಷಿ ತೋಟಗಳು. ಜರ್ಮನಿಯ ವಿಶ್ವ ರ‍್ಯಾಲಿ ಸುತ್ತು. ರಿಚರ್ಡ್ ಟಟ್‌ಹಿಲ್ ಅವರು ತಾವೇ ಕಟ್ಟಿದ ಪೋರ್ಷೆ 997 ಜಿಟಿ3 (911ರದ್ದೇ ಒಂದು ತಲೆಮಾರು) ತಂದಿದ್ದರು, ತಾವೇ ಓಡಿಸಿದರು. ಸಣ್ಣ ಟರ್ಬೊ ಕಾರುಗಳು ಪಟಪಟ ಅಂತ ಹೋದ ಮೇಲೆ ಆ ಆರು ಸಿಲಿಂಡರ್ ಇಂಜಿನ್ ಕೆಳಗಿನ ಇಳಿಜಾರಿನಿಂದ ಕೂಗಿಕೊಂಡು ಮೇಲೆ ಬಂದಾಗ ನನ್ನ ಪಕ್ಕದಲ್ಲಿದ್ದ ಅಜ್ಜ ಕಣ್ಣು ಒರೆಸಿಕೊಂಡರು. ನನಗೂ ಮೈ ಜುಮ್ ಅಂದಿತು.

ನಿಯಮ ಹೀಗಿದೆ. ಆರ್-ಜಿಟಿ ಕಾರಿಗೆ ಎರಡೇ ಚಕ್ರಕ್ಕೆ ಪವರ್, ಫೋರ್ ವೀಲ್ ಡ್ರೈವ್ ಇಲ್ಲ. ಇಂಜಿನ್ನಿಗೆ ಗಾಳಿ ಹೋಗುವ ದಾರಿಯಲ್ಲಿ ರಿಸ್ಟ್ರಿಕ್ಟರ್ ಹಾಕಿ ಪವರ್ ಕಟ್ಟಿಹಾಕುತ್ತಾರೆ, ಕಾರಿನ ತೂಕಕ್ಕೆ ಇಷ್ಟೇ ಪವರ್ ಅಂತ ಲೆಕ್ಕ. ಅಂದರೆ ಅಂಗಡಿಯಿಂದ ತಂದ ಜಿಟಿ3ಗಿಂತ ರ‍್ಯಾಲಿಯ ಜಿಟಿ3 ಉಸಿರು ಕಡಿಮೆ. 2015ರಿಂದ ಎಫ್‌ಐಎ (ವಿಶ್ವ ಮೋಟಾರ್ ಕ್ರೀಡೆಯ ಸಂಸ್ಥೆ) ಇದಕ್ಕೇ ಅಂತ ಒಂದು ಕಪ್ ಶುರು ಮಾಡಿತು, ಅದರ ಸುತ್ತುಗಳೆಲ್ಲ ಡಾಂಬರು ರಸ್ತೆಯ ರ‍್ಯಾಲಿಗಳೇ. ಮೊದಲ ವರ್ಷ ಫ್ರಾಂಸ್ವಾ ಡೆಲೆಕೂರ್, 2016 ಮತ್ತು 2017ರಲ್ಲಿ ರೊಮೇನ್ ಡ್ಯುಮಾ ಗೆದ್ದರು, ಮೂರೂ ಸಲ ಪೋರ್ಷೆ. ಆಮೇಲೆ ಅಬಾರ್ತ್ 124 ಬಂತು, ಆಲ್ಪೀನ್ ಎ110 ಬಂತು.

ಇಷ್ಟೊಂದು ಬಿಗಿ ಯಾಕೆ ಅಂತ ನಿಮಗೆ ಅನ್ನಿಸಬಹುದು. ಒಂದು ಕಾಲದಲ್ಲಿ ರ‍್ಯಾಲಿ ಸ್ಪೋರ್ಟ್ಸ್ ಕಾರುಗಳದ್ದೇ ಆಗಿತ್ತು. 1973ರಲ್ಲಿ ಮೊದಲ ವಿಶ್ವ ಚಾಂಪಿಯನ್‌ಷಿಪ್ ಗೆದ್ದಿದ್ದು ಹಳೇ ಆಲ್ಪೀನ್ ಎ110. ಮುಂದಿನ ಮೂರು ವರ್ಷ ಲಾನ್ಸಿಯಾ ಸ್ಟ್ರಾಟೋಸ್, ಅದರೊಳಗೆ ಫೆರಾರಿಯ ವಿ6 ಇಂಜಿನ್. ಅಂಥ ಕಾರು ಬಂದದ್ದೇ ಆಗಿನ ನಿಯಮ ಕೆಲವು ನೂರು ಕಾರ್ ಕಟ್ಟಿದರೆ ಸಾಕು ಅಂದಿದ್ದರಿಂದ. 1982ರ ಗ್ರೂಪ್ ಬಿ ಆ ಸಂಖ್ಯೆಯನ್ನು 200ಕ್ಕೆ ಇಳಿಸಿತು. ಕಾರುಗಳು ರಸ್ತೆಯ ಅಳತೆ ಮೀರಿದವು. 1986ರಲ್ಲಿ ಪೋರ್ಚುಗಲ್‌ನಲ್ಲಿ ನೋಡುಗರು ಸತ್ತರು, ಎರಡು ತಿಂಗಳಲ್ಲಿ ಕೋರ್ಸಿಕಾದಲ್ಲಿ ಹೆನ್ರಿ ಟೊಯ್ವೊನೆನ್ ಮತ್ತು ಅವರ ಕೋ-ಡ್ರೈವರ್ ಸೆರ್ಜಿಯೊ ಕ್ರೆಸ್ಟೊ ಕಾರಿನ ಸಮೇತ ಸುಟ್ಟುಹೋದರು. ಆಮೇಲೆ ಗ್ರೂಪ್ ಎ ಮುಖ್ಯವಾಯಿತು, 5000 ಕಾರ್ ಕಟ್ಟಿದವರಿಗೆ ಮಾತ್ರ. ಸ್ಪೋರ್ಟ್ಸ್ ಕಾರ್ ಹಾಗೆ ಹೊರಗೆ ಹೋಯಿತು. ನಾನು ಈ ಕಥೆ ಗೊತ್ತಾದ ಮೇಲೆ ನಿಯಮ ಪುಸ್ತಕವನ್ನು ಬೈಯುವುದು ಬಿಟ್ಟೆ.

ಹಾಸನದವರು, ಮೂರು ಸೀಸನ್ ಓಡಿಸಿದ್ದೇನೆ:
ರೋಲ್ ಕೇಜ್ ಹಾಕಿಸುತ್ತೇನೆ ಅಂದಿರಲ್ಲ, ನನ್ನ ಕಥೆ ಕೇಳಿ. ಒಬ್ಬ ಫ್ಯಾಬ್ರಿಕೇಟರ್ ಹತ್ತಿರ ಕೇಜ್ ಮಾಡಿಸಿದೆ. ವೆಲ್ಡಿಂಗ್ ನೋಡಿದರೆ ಕಣ್ಣಿಗೆ ಒತ್ತಿಕೊಳ್ಳಬೇಕು, ಅಷ್ಟು ಚೆನ್ನಾಗಿತ್ತು. ಸ್ಕ್ರೂಟಿನಿಯಲ್ಲಿ, ಅಂದರೆ ಓಡುವ ಮೊದಲಿನ ಕಾರ್ ತಪಾಸಣೆಯಲ್ಲಿ, ಪೈಪಿನ ಸರ್ಟಿಫಿಕೇಟ್ ಕೇಳಿದರು. ಇರಲಿಲ್ಲ. ಅಳತೆ ತೆಗೆದರು, ಅದೂ ತಪ್ಪು. ಎಫ್‌ಐಎ ನಿಯಮದಲ್ಲಿ ಮುಖ್ಯ ಹೂಪ್‌ಗೆ (ಸೀಟಿನ ಹಿಂದಿನ ಕಮಾನು) ಜೋಡಣೆ ಇಲ್ಲದ, ಅಂದರೆ ಸೀಮ್‌ಲೆಸ್ ಕೋಲ್ಡ್ ಡ್ರಾನ್ ಸ್ಟೀಲ್ ಪೈಪ್ ಬೇಕು, 45 ಮಿಮೀ ದಪ್ಪಕ್ಕೆ 2.5 ಮಿಮೀ ಗೋಡೆ, ಇಲ್ಲ 50ಕ್ಕೆ 2 ಮಿಮೀ. ಉಳಿದ ಪೈಪುಗಳಿಗೆ 38ಕ್ಕೆ 2.5, ಇಲ್ಲ 40ಕ್ಕೆ 2. ನನ್ನದು ಗೇಟಿಗೆ ಹಾಕುವ ಪೈಪ್. ಕಾರನ್ನು ಟ್ರಕ್ಕಿಗೆ ಹತ್ತಿಸಿ ಮನೆಗೆ ಬಂದೆ, ಇಡೀ ಕೇಜ್ ಕತ್ತರಿಸಿ ತೆಗೆಸಿದೆ. ಆ ದಿನ ತುಂಬಾ ಸಿಟ್ಟು ಬಂದಿತ್ತು. ಮುಂದಿನ ವರ್ಷ ಹೊಸ ಕೇಜ್‌ನಲ್ಲಿ ಎರಡು ಪಲ್ಟಿ ಹೊಡೆದು ನಾನೂ ನನ್ನ ಕೋ-ಡ್ರೈವರೂ ನಡೆದುಕೊಂಡು ಹೊರಗೆ ಬಂದೆವು. ಸ್ಕ್ರೂಟಿನಿ ಮಾಡಿದವರ ಕೈ ಹಿಡಿದು ಥ್ಯಾಂಕ್ಸ್ ಹೇಳಿದ್ದೇನೆ.

ಬೆಲ್ಟು, ಸೀಟು ಸೆಕೆಂಡ್ ಹ್ಯಾಂಡ್ ತಗೋಬೇಡಿ. ಎರಡಕ್ಕೂ ಅವಧಿ ಇದೆ, ಲೇಬಲ್ ನೋಡಿ.

ಮಾರ್ಷಲ್ ಆಗಿ ಕೆಲಸ ಮಾಡುವವರು (ಮೂಡಿಗೆರೆ):
ನಾನು ಸ್ಟೇಜ್ ಬದಿಯಲ್ಲಿ ನಿಲ್ಲುವವಳು, ಓಡಿಸಿಲ್ಲ. ಹೊಸಬರು ಮರೆಯುವ ಒಂದು ವಿಷಯ ಇದೆ. ಕಾರಿನಲ್ಲಿ ಒಂದು ಬೋರ್ಡ್ ಇರುತ್ತದೆ, ಒಂದು ಕಡೆ ಕೆಂಪು ಎಸ್‌ಓಎಸ್, ಇನ್ನೊಂದು ಕಡೆ ಹಸಿರು ಓಕೆ. ಕಾರ್ ನಿಂತ ತಕ್ಷಣ ಹಿಂದೆ ಬರುವವರಿಗೆ ಅದನ್ನು ತೋರಿಸಬೇಕು. ಎಸ್‌ಓಎಸ್ ಕಂಡವರು ತಮ್ಮ ಸಮಯ ಹಾಳಾದರೂ ನಿಲ್ಲಲೇಬೇಕು. ಒಮ್ಮೆ ತಿರುವಿನಲ್ಲಿ ಕಾರ್ ತೋಟಕ್ಕೆ ಇಳಿಯಿತು, ಹುಡುಗರಿಗೆ ಏನೂ ಆಗಿರಲಿಲ್ಲ, ಆದರೆ ಬೋರ್ಡ್ ಸೀಟಿನ ಕೆಳಗೆ ಎಲ್ಲೋ ಸೇರಿಕೊಂಡಿತ್ತು. ಅದು ಸಿಗುವವರೆಗೆ ಆ ಎರಡು ನಿಮಿಷ ನನ್ನ ಎದೆ ಹೊಡೆದುಕೊಂಡದ್ದು ನನಗೇ ಗೊತ್ತು. ಬೋರ್ಡೂ ಬೆಲ್ಟ್ ಕತ್ತರಿಸುವ ಕಟ್ಟರೂ ಕೈಗೆ ಸಿಗುವ ಜಾಗದಲ್ಲಿರಲಿ. ಬೆಲ್ಟ್ ಕಟ್ಟಿಕೊಂಡು ಕೂತು ಕೈ ಚಾಚಿ ನೋಡಿ.

ಕೇಳಿದವರು:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅಕ್ಕ, ನೀವು ಹೇಳಿದ್ದು ಮರೆಯುವುದಿಲ್ಲ. ಕಾರಿನವರಿಗೆ ಫೋನ್ ಮಾಡಿ ಬೇಡ ಅಂತ ಹೇಳಿದೆ. ಬೇಜಾರಾಯಿತು, ಸುಳ್ಳು ಹೇಳಲ್ಲ. ಹಾಗಾದರೆ ಈಗ ಇರುವ ದುಡ್ಡಲ್ಲಿ ಎಲ್ಲಿಂದ ಶುರು ಮಾಡಲಿ? ಮನೆಯಲ್ಲಿ ಅಣ್ಣನ ಸ್ವಿಫ್ಟ್ ಇದೆ.

ಕೋ-ಡ್ರೈವರ್ ಆಗಿದ್ದವರು:
ಸ್ವಿಫ್ಟ್ ಧಾರಾಳ ಸಾಕು. ಮೊದಲು ಎರಡು ಮೂರು ಟಿಎಸ್‌ಡಿ ರ‍್ಯಾಲಿ ಮಾಡಿ. ಅಂದರೆ ಟೈಮ್, ಸ್ಪೀಡ್, ಡಿಸ್ಟೆನ್ಸ್. ಅಲ್ಲಿ ವೇಗಕ್ಕೆ ಬೆಲೆ ಇಲ್ಲ, ಹೇಳಿದ ಸರಾಸರಿ ವೇಗದಲ್ಲಿ ಹೇಳಿದ ಹೊತ್ತಿಗೆ ಕಂಟ್ರೋಲ್ (ಸಮಯ ಬರೆದುಕೊಳ್ಳುವ ಚೌಕಿ) ತಲುಪಬೇಕು. ಬೇಗ ಬಂದರೂ ಪೆನಾಲ್ಟಿ, ತಡವಾದರೂ ಪೆನಾಲ್ಟಿ. ಅಣ್ಣ ಓಡಿಸಲಿ, ನೀವು ಪಕ್ಕದ ಸೀಟಿನಲ್ಲಿ ದಾರಿ ಬರೆದಿರುವ ರೋಡ್ ಬುಕ್ ಹಿಡಿಯಿರಿ. ದೊಡ್ಡ ರ‍್ಯಾಲಿಯಲ್ಲೂ ಟೈಮ್ ಕಾರ್ಡಿನಲ್ಲಿರುವ ಹೊತ್ತು ತಪ್ಪಿದರೆ ಶಿಕ್ಷೆ ಇದೆ, ಎಫ್‌ಐಎ ರ‍್ಯಾಲಿಗಳಲ್ಲಿ ಕಂಟ್ರೋಲ್‌ಗೆ ಒಂದು ನಿಮಿಷ ತಡವಾದರೆ 10 ಸೆಕೆಂಡ್, ಒಂದು ನಿಮಿಷ ಮೊದಲೇ ಹೋದರೆ ಪೂರ್ತಿ ಒಂದು ನಿಮಿಷ. ಸ್ಟೇಜ್‌ನಲ್ಲಿ ಜೀವ ಪಣಕ್ಕಿಟ್ಟು ಗಳಿಸಿದ ಸೆಕೆಂಡುಗಳನ್ನು ಹಾಗೆ ಸುಮ್ನೆ ಕಳೆದುಕೊಂಡವರನ್ನು ನಾನು ತುಂಬಾ ಜನ ನೋಡಿದ್ದೇನೆ.

ನನ್ನ ಹತ್ತಿರ ಹಳೇ ರೋಡ್ ಬುಕ್‌ಗಳು ಒಂದು ಕಟ್ಟು ಇವೆ. ಟುಲಿಪ್ ಚಿತ್ರ, ಅಂದರೆ ತಿರುವು ತೋರಿಸುವ ಸಣ್ಣ ಗೆರೆ ಚಿತ್ರ, ಓದುವುದು ಅದರಿಂದಲೇ ಕಲಿಯಬಹುದು. ಮುಂದಿನ ತಿಂಗಳು ಮೈಸೂರಿಗೆ ಬರುತ್ತೇನೆ, ತರುತ್ತೇನೆ. ಅಣ್ಣನನ್ನೂ ಕರೆದುಕೊಂಡು ಬನ್ನಿ.