ಒಂದೇ ಸಲ ಮಗುಚಬೇಕಾ? ಸ್ಟೀಕ್ ಫಾರ್ವರ್ಡ್ ಮೇಲೆ ಹೋಟೆಲ್ ಮ್ಯಾನೇಜ್‌ಮೆಂಟ್ ಬ್ಯಾಚ್ ಗುಂಪಿನ ಜಗಳ

*ಪ್ರಶಾಂತ್ (ಡಲ್ಲಾಸ್):* [ಫಾರ್ವರ್ಡ್ ಮಾಡಲಾಗಿದೆ]
15 ನಿಮಿಷದ ಬೇಸಿಗೆ ಸ್ಟೀಕ್ (ದನದ ಮಾಂಸದ ತುಂಡು)! ಓವನ್ ಬೇಡ, ಗ್ರಿಲ್ ಬೇಡ!
1. ಮಾಂಸವನ್ನು ಫ್ರಿಜ್‌ನಿಂದ ತೆಗೆದು ಒಂದು ಗಂಟೆ ಹೊರಗಿಡಿ.
2. ಬೇಯಿಸುವ 15 ನಿಮಿಷ ಮೊದಲು ಉಪ್ಪು ಸವರಿ.
3. ನಾನ್‌ಸ್ಟಿಕ್ ಪ್ಯಾನನ್ನು ಪೂರ್ತಿ ಉರಿಯಲ್ಲಿಟ್ಟು 2 ಚಮಚ ಬೆಣ್ಣೆ ಹಾಕಿ.
4. ಒಂದೊಂದು ಬದಿ 4 ನಿಮಿಷ. ಒಂದೇ ಸಲ ಮಗುಚಿ. ಸೀರ್ ಮಾಡಿದರೆ (ಜೋರು ಕಾವಿನಲ್ಲಿ ಹೊರಮೈ ಕಂದಾಗಿಸಿದರೆ) ರಸ ಒಳಗೇ ಲಾಕ್ ಆಗುತ್ತದೆ.
5. ಬಿಸಿಬಿಸಿ ಇರುವಾಗಲೇ ಕತ್ತರಿಸಿ ಬಡಿಸಿ.

*ಪ್ರಶಾಂತ್:* ಇಲ್ಲಿ ಸಂಜೆ ಏಳಕ್ಕೂ 37 ಡಿಗ್ರಿ. ಓವನ್ ಹಚ್ಚೋ ಮಾತೇ ಇಲ್ಲ. ಇದು ನಡೆಯುತ್ತಾ ಹೇಳ್ರಪ್ಪ.

*ಸವಿತಾ:* ಐದು ಹಂತ, ಐದೂ ತಪ್ಪು. ಯಾರು ಬರೆದಿದ್ದು ಇದನ್ನ?

*ಡೆನ್ಜಿಲ್:* ಐದೂ ಅಲ್ಲ ಮಾರಾಯ್ತಿ. ಒಂದೇ ಸಲ ಮಗುಚುವುದು ಸರಿ ಉಂಟು. ಉಳಿದದ್ದು ಬಿಡು, ನಾನ್‌ಸ್ಟಿಕ್ ಅಂತ ಓದಿದ ಕೂಡ್ಲೇ ನನಗೆ ಸಾಕಾಯ್ತು.

*ಗಿರೀಶ್ (ಹುಬ್ಬಳ್ಳಿ):* ನಾನ್‌ಸ್ಟಿಕ್ ಕೋಟಿಂಗ್ 260 ಡಿಗ್ರಿ ದಾಟಿದ್ರ ಕೆಡಾಕ ಶುರು ಆಗ್ತೈತಿ. ಖಾಲಿ ಪ್ಯಾನ್ ಪೂರ್ತಿ ಉರಿ ಮ್ಯಾಲ ಇಟ್ರ ಕೆಲವೇ ನಿಮಿಷದಾಗ ಅಲ್ಲಿಗೆ ಮುಟ್ಟತೈತಿ. ಮನ್ಯಾಗ ಗಿಳಿ ಸಾಕಿದ್ರಂತೂ ಬ್ಯಾಡೇ ಬ್ಯಾಡ. ಆ ಹೊಗಿ ಪಕ್ಷಿಗೆ ವಿಷ.

*ಪ್ರಶಾಂತ್:* 12 ಇಂಚಿನ ಕಾಸ್ಟ್ ಐರನ್ (ಬೀಡು) ಪ್ಯಾನ್ ಇದೆ. ದೋಸೆಗೆ ಅಂತ ಇಟ್ಕೊಂಡಿರೋದು.

*ಡೆನ್ಜಿಲ್:* ದೋಸೆ ಕಾವಲಿ ಮುಟ್ಟಬೇಡ!! ಮಾಂಸದ ಪ್ರೋಟೀನ್ ಹಿಡಿದು ಕರಟ್ತದೆ, ಅದನ್ನು ಉಜ್ಜಿ ತೆಗೆಯುವಾಗ ಪಳಗಿದ ಪದರವೂ ಹೋಗ್ತದೆ. ಮರುದಿನ ದೋಸೆ ಏಳುವುದಿಲ್ಲ. ಬೇರೆ ಬೀಡಿನ ಕಾವಲಿ ತೆಗೊ.

*ಗಿರೀಶ್:* ಇಲ್ಲಾಂದ್ರ ದಪ್ಪ ತಳದ ಸ್ಟೀಲ್ ಪ್ಯಾನೂ ನಡೀತೈತಿ. ಬೀಡಿಗೆ ಕಾವು ಹಿಡಿದಿಡೋ ಶಕ್ತಿ ಐತಿ, ಹರಡೋ ಶಕ್ತಿ ಕಮ್ಮಿ. ಸಣ್ಣ ಬರ್ನರ್ ಮ್ಯಾಲ ನಡುವೆ ಸುಡ್ತೈತಿ, ಅಂಚು ತಣ್ಣಗ. ಐದಾರು ನಿಮಿಷ ನಡುಮಟ್ಟದ ಉರಿಯಾಗ ಕಾಸು, ನಡುನಡುವೆ ಪ್ಯಾನ್ ತಿರುಗಿಸಿ ಇಡು, ಆಮ್ಯಾಲ ಉರಿ ಏರಿಸು.

*ಸವಿತಾ:* ಪ್ಯಾನ್ ಆಮೇಲೆ. ಮೊದಲು ಕಟ್ ಯಾವುದು, ಅಂದ್ರೆ ಯಾವ ಭಾಗದ ಮಾಂಸ, ಹೇಳು ಪ್ರಶಾಂತ್. ದಪ್ಪ ಎಷ್ಟು ಅಂತ ಹೇಳದೆ "ಒಂದೊಂದು ಬದಿ 4 ನಿಮಿಷ" ಅಂದ್ರೆ ಅದಕ್ಕೆ ಅರ್ಥವೇ ಇಲ್ಲ. ಒಂದೂವರೆ ಸೆಂಟಿಮೀಟರ್ ಸ್ಕರ್ಟ್ (ಹೊಟ್ಟೆ ಹತ್ತಿರದ ತೆಳು ಪಟ್ಟಿ) ಆ ಹೊತ್ತಿಗೆ ಚಪ್ಪಲಿ ಆಗಿರುತ್ತೆ. 4 ಸೆಂಟಿಮೀಟರ್ ರಿಬ್‌ಐ (ಪಕ್ಕೆಲುಬಿನ ಭಾಗ) ಒಳಗೆ ಇನ್ನೂ ಹಸಿ. ದಪ್ಪ ಎರಡು ಪಟ್ಟಾದ್ರೆ ಸಮಯ ಎರಡು ಪಟ್ಟು ಸಾಲಲ್ಲ, ಮೂರು ನಾಲ್ಕು ಪಟ್ಟಿಗೆ ಹೋಗುತ್ತೆ. ಬೇಸಿಗೆಯ ವಾರದ ದಿನಕ್ಕೆ ನನ್ನ ಓಟು ಸ್ಕರ್ಟ್‌ಗೇ. ಒಲೆ ಉರಿಯೋದೇ ಒಟ್ಟು ಹತ್ತು ನಿಮಿಷ.

*ಡೆನ್ಜಿಲ್:* ಸ್ಟೀಕ್ ಅಂದ್ರೆ ಸ್ಟ್ರಿಪ್ (ಬೆನ್ನಿನ ಭಾಗ) ಅಥವಾ ರಿಬ್‌ಐ, ಎರಡೂವರೆಯಿಂದ ಮೂರು ಸೆಂಟಿಮೀಟರ್ ದಪ್ಪ. ಹೊರಗೆ ಕಂದು ತೊಗಟೆ, ಒಳಗೆ ಗುಲಾಬಿ. ಸ್ಕರ್ಟ್‌ನಲ್ಲಿ ಆ ವ್ಯತ್ಯಾಸ ಸಿಗುವುದು ಎಲ್ಲಿಂದ? ಹೊರಗೆ ಬಣ್ಣ ಬರುವಷ್ಟರಲ್ಲಿ ಒಳಗೆ ಮುಗಿದಿರ್ತದೆ.

*ಸವಿತಾ:* ಬರುತ್ತೆ, ಪ್ಯಾನ್ ನಿಜವಾಗಿ ಕಾದಿದ್ರೆ, ಮಾಂಸ ನಿಜವಾಗಿ ಒಣಗಿದ್ರೆ. ಆ ಫಾರ್ವರ್ಡ್‌ನಲ್ಲಿ ಒರೆಸೋ ಮಾತೇ ಇಲ್ಲ ನೋಡು. ಮೇಲಿನ ನೀರು ಆರೋವರೆಗೆ ಮೇಲ್ಮೈ 100 ಡಿಗ್ರಿ ದಾಟಲ್ಲ, ಕಂದು ಬಣ್ಣಕ್ಕೆ 140ರ ಮೇಲೆ ಬೇಕು. ಒದ್ದೆ ಮಾಂಸ ಹಾಕಿದ್ರೆ ಮೊದಲ ಎರಡು ನಿಮಿಷ ಬರೀ ಹಬೆಯಲ್ಲಿ ಬೇಯೋದೇ. ಪೇಪರ್ ಟವಲ್ ಒತ್ತಿ ಒತ್ತಿ ಒರೆಸಬೇಕು, ಎರಡೂ ಬದಿ.

*ಸವಿತಾ:* ಉಪ್ಪು 15 ನಿಮಿಷ ಮೊದಲು ಅನ್ನೋದು ಅದಕ್ಕೇ ಕೆಟ್ಟ ಸಲಹೆ. ಆ ಹೊತ್ತಿಗೆ ಉಪ್ಪು ನೀರನ್ನ ಹೊರಗೆ ಎಳೆದಿರುತ್ತೆ, ಅದು ಇನ್ನೂ ಒಳಗೆ ಹೋಗಿರಲ್ಲ. ಒಂದೋ ಪ್ಯಾನಿಗೆ ಹಾಕೋ ಕ್ಷಣದಲ್ಲಿ ಹಾಕು, ಇಲ್ಲಾ 45 ನಿಮಿಷ ಮೊದಲು. ಬೆಳಗ್ಗೆ ಆಫೀಸಿಗೆ ಹೋಗೋ ಮೊದಲು ಹಾಕಿ, ಜಾಲರಿ ಮೇಲಿಟ್ಟು, ಮುಚ್ಚದೆ ಫ್ರಿಜ್‌ನಲ್ಲಿಟ್ರೆ ಇನ್ನೂ ಚೆಂದ. ಫ್ರಿಜ್‌ನ ಗಾಳಿಯೇ ಮೇಲ್ಮೈ ಒಣಗಿಸುತ್ತೆ. ಅರ್ಧ ಕೆಜಿಗೆ 5 ಗ್ರಾಂ, ಅಂದ್ರೆ ಪುಡಿ ಉಪ್ಪು ಒಂದು ಟೀ ಚಮಚಕ್ಕೆ ಸ್ವಲ್ಪ ಕಮ್ಮಿ.

*ಡೆನ್ಜಿಲ್:* ಇದಕ್ಕೆ ನನ್ನದು ತಕರಾರಿಲ್ಲ. ಒಂದು ಗಂಟೆ ಹೊರಗಿಡುವುದು?

*ಗಿರೀಶ್:* ಅದು ಸುಳ್ಳ ಸಮಾಧಾನ. ದಪ್ಪ ಸ್ಟೀಕ್ ಒಂದು ತಾಸು ಹೊರಗಿಟ್ರ ನಡುಭಾಗ ಏರೋದು ಕೆಲವೇ ಡಿಗ್ರಿ. ಬಣ್ಣಕ್ಕೂ ಉಪಯೋಗಿಲ್ಲ, ಬೇಯೋದಕ್ಕೂ ಇಲ್ಲ. ಅದೂ ಡಲ್ಲಾಸ್ ಬ್ಯಾಸಗಿ. ಅಮೆರಿಕಾದ ಕೃಷಿ ಇಲಾಖೆ ನಿಯಮ ನೋಡು: ಹಸಿ ಮಾಂಸ ಹೊರಗ ಇಡೋ ಮಿತಿ ಎರಡು ತಾಸು, ಸುತ್ತಲಿನ ಉಷ್ಣಾಂಶ 32 ಡಿಗ್ರಿ ದಾಟಿದ್ರ ಒಂದೇ ತಾಸು. ಕಾರಿನ ಡಿಕ್ಕಿಯಾಗ ಕಳೆದ ಹೊತ್ತೂ ಆ ಲೆಕ್ಕದಾಗ ಬರ್ತೈತಿ.

*ಪ್ರಶಾಂತ್:* ಬೆಣ್ಣೆ?

*ಡೆನ್ಜಿಲ್:* ಶುರುವಿಗೆ ಬೇಡ. ಅದರ ಹಾಲಿನಂಶ 150 ಡಿಗ್ರಿ ಆಚೀಚೆಗೇ ಕರಟಿ ಕಹಿ ಆಗ್ತದೆ. ಪ್ಯಾನ್ ಇರುವುದು 220ರ ಮೇಲೆ. ರಿಫೈನ್ಡ್ ಸೂರ್ಯಕಾಂತಿ ಎಣ್ಣೆ ಒಂದು ದೊಡ್ಡ ಚಮಚ ಸಾಕು. ಇಲ್ಲವೇ ತುಪ್ಪ, ಹಾಲಿನಂಶ ಹೋಗಿರುವುದರಿಂದ ಆ ಕಾವು ತಡೀತದೆ. ಬೆಣ್ಣೆ ಕೊನೆಯ ಒಂದು ನಿಮಿಷಕ್ಕೆ: ಉರಿ ಇಳಿಸಿ 30 ಗ್ರಾಂ ಬೆಣ್ಣೆ, ಜಜ್ಜಿದ ಬೆಳ್ಳುಳ್ಳಿ ಎರಡೆಸಳು, ಥೈಮ್ ಸೊಪ್ಪು ಒಂದು ಕಡ್ಡಿ. ಪ್ಯಾನ್ ಓರೆ ಮಾಡಿ ಚಮಚದಲ್ಲಿ ಮೇಲೆ ಹುಯ್ಯುತ್ತಾ ಇರು. ಬೆಳ್ಳುಳ್ಳಿ ಮೊದಲೇ ಹಾಕಿದರೆ ಕಪ್ಪಾಯ್ತು ಅಂತ ಲೆಕ್ಕ.

*ಸವಿತಾ:* ಈಗ ಮಗುಚೋ ವಿಷಯಕ್ಕೆ ಬಾ ಡೆನ್ಜಿಲ್. ತಪ್ಪಿಸ್ಕೊಳ್ಳಬೇಡ.

*ಡೆನ್ಜಿಲ್:* ಎಂತ ತಪ್ಪಿಸಿಕೊಳ್ಳುವುದು? ಸುಮ್ಮನೆ ಬಿಟ್ಟರೆ ತೊಗಟೆ ಬರ್ತದೆ. ಪದೇ ಪದೇ ಕೆದಕಿದರೆ ಯಾವ ಬದಿಯೂ ಸರಿ ಕಾಯುವುದಿಲ್ಲ.

*ಸವಿತಾ:* ಕಾಯುತ್ತೆ. 30 ಸೆಕೆಂಡಿಗೆ ಒಮ್ಮೆ ಮಗುಚಿದ್ರೆ ಮೇಲೆ ಬಂದ ಬದಿ ಅಷ್ಟರಲ್ಲಿ ಪೂರ್ತಿ ತಣ್ಣಗಾಗಲ್ಲ, ಎರಡೂ ಕಡೆಯಿಂದ ಕಾವು ಒಳಗೆ ಹೋಗ್ತಾ ಇರುತ್ತೆ, ಹಾಗಾಗಿ ಬೇಗ ಬೇಯುತ್ತೆ. ಒಂದೇ ಬದಿ ನಾಲ್ಕು ನಿಮಿಷ ಬಿಟ್ರೆ ಕೆಳಗಿನ ಅರ್ಧ ಸೆಂಟಿಮೀಟರ್ ಬೂದು ಬಣ್ಣಕ್ಕೆ ತಿರುಗಿ ಒಣಗಿರುತ್ತೆ. ಕತ್ತರಿಸಿ ನೋಡಿದ್ರೆ ಆ ಬೂದು ಪಟ್ಟಿ ಕಾಣುತ್ತೆ. ಪದೇ ಪದೇ ಮಗುಚಿದ್ದರಲ್ಲಿ ಆ ಪಟ್ಟಿ ತೆಳು. ಅಂಚು ಮುದುಡಿ ದೋಣಿ ಆಕಾರಕ್ಕೆ ಏಳೋದೂ ಕಮ್ಮಿ. ಒಂದೇ ಸಲ ಅನ್ನೋ ನಿಯಮ ಹುಟ್ಟಿದ್ದು ಹೋಟೆಲ್ ಗ್ರಿಲ್ ಮುಂದೆ. ಇಪ್ಪತ್ತು ಆರ್ಡರ್ ಒಟ್ಟಿಗೆ ಇರೋವಾಗ ಒಂದೊಂದನ್ನೂ ಅರ್ಧ ನಿಮಿಷಕ್ಕೆ ಮಗುಚೋಕೆ ಕೈ ಎಲ್ಲಿದೆ? ಮನೆಯಲ್ಲಿರೋದು ಎರಡು ತುಂಡು.

*ಡೆನ್ಜಿಲ್:* ಹಾಕಿದ ಕೂಡ್ಲೇ ಮಾಂಸ ಲೋಹಕ್ಕೆ ಅಂಟ್ತದೆ ಅಲ್ವಾ. ಅರ್ಧ ನಿಮಿಷಕ್ಕೆ ಇಕ್ಕಳ ಹಾಕಿ ಎಳೆದರೆ ತೊಗಟೆ ಪ್ಯಾನಿನಲ್ಲಿ, ಮಾಂಸ ಕೈಯಲ್ಲಿ. ಅದಕ್ಕೆ ಎಂತ ಹೇಳ್ತಿ?

*ಸವಿತಾ:* ಅದು ಒಪ್ಪಿದೆ. ಮೊದಲ ಒಂದೂವರೆ ನಿಮಿಷ ಮುಟ್ಟಬಾರದು. ಬಣ್ಣ ಬಂದ ಮೇಲೆ ತಾನೇ ಬಿಡುತ್ತೆ, ಆಮೇಲೆ ಶುರು ಮಾಡು.

*ಗಿರೀಶ್:* ದಪ್ಪ ತುಂಡಿಗೆ ಸವಿತಾ ಹೇಳಿದ್ದು ಖರೆ. ಸ್ಕರ್ಟಿಗೆ ಡೆನ್ಜಿಲ್ ಹೇಳಿದ್ದು ಖರೆ. ತೆಳು ತುಂಡು ಒಳಗ ಹೆಂಗೂ ಬೇಯ್ತೈತಿ, ಅಲ್ಲಿ ಇರೋದು ಬರೇ ಬಣ್ಣದ ಚಿಂತಿ. ಎರಡು ನಿಮಿಷ ಈ ಕಡೆ, ಒಂದೂವರೆ ಆ ಕಡೆ, ಮುಗೀತು.

*ಡೆನ್ಜಿಲ್:* ನೀನು ಸಸ್ಯಾಹಾರಿ, ಇಷ್ಟೆಲ್ಲ ಗೊತ್ತಾ!

*ಗಿರೀಶ್:* ತಿನ್ನಾಕ ನಾಲಿಗಿ ಬೇಕು, ಲೆಕ್ಕಕ್ಕ ಥರ್ಮಾಮೀಟರ್ ಸಾಕಲೇ.

*ಶೆಟ್ಟಿ ಸರ್:* ನಾಲ್ಕನೆಯ ಹಂತದ ಇನ್ನೊಂದು ವಾಕ್ಯವನ್ನು ಯಾರೂ ಮುಟ್ಟಲಿಲ್ಲ. "ರಸ ಲಾಕ್ ಆಗುತ್ತದೆ" ಎಂಬುದು 19ನೆಯ ಶತಮಾನದ ಜರ್ಮನ್ ರಸಾಯನ ವಿಜ್ಞಾನಿ ಲೀಬಿಗ್ ಅವರಿಂದ ಹರಡಿದ ನಂಬಿಕೆ. ಅದು ನಿಜವಲ್ಲ. ತೊಗಟೆ ಬಂದ ಸ್ಟೀಕನ್ನು ತಟ್ಟೆಯಲ್ಲಿ ಐದು ನಿಮಿಷ ಇಟ್ಟು ನೋಡಿ, ಕೆಳಗೆ ರಸ ನಿಂತಿರುತ್ತದೆ. ಪ್ಯಾನಿನಲ್ಲಿ ಕೇಳುವ ಚುರ್ ಸದ್ದೂ ಹೊರಬರುತ್ತಿರುವ ನೀರಿನದೇ. ಸೀರ್ ಮಾಡುವುದು ಪರಿಮಳಕ್ಕೆ. ರಸ ಉಳಿಯುವುದು ಒಳಗಿನ ಉಷ್ಣಾಂಶದಿಂದ. ಅಂದ ಹಾಗೆ, ಆ ಕೆಂಪು ದ್ರವ ರಕ್ತವೂ ಅಲ್ಲ, ಸ್ನಾಯುವಿನ ಮಯೋಗ್ಲೋಬಿನ್ ಬೆರೆತ ನೀರು.

*ಪ್ರಶಾಂತ್:* ಸರ್, ಹಾಗಾದ್ರೆ ಎಷ್ಟು ಡಿಗ್ರಿಗೆ ತೆಗೀಲಿ? ಹೆಬ್ಬೆರಳು ಒತ್ತಿ ನೋಡೋದು ನಡೆಯುತ್ತಾ?

*ಶೆಟ್ಟಿ ಸರ್:* ಬೆರಳಿನ ಪರೀಕ್ಷೆ ದಿನವೂ ಒಂದೇ ಕಟ್, ಒಂದೇ ದಪ್ಪ ಮಾಡುವವರಿಗೆ. ನೀವು ಥರ್ಮಾಮೀಟರ್ ಇಟ್ಟುಕೊಳ್ಳಿ, ಮೇಲಿನಿಂದಲ್ಲ, ಪಕ್ಕದಿಂದ ನಡುವಿಗೆ ಚುಚ್ಚಿ. ಮೀಡಿಯಂ ರೇರ್ (ನಡುವೆ ಕೆಂಪು-ಗುಲಾಬಿ) 54ರಿಂದ 57, ಮೀಡಿಯಂ (ತಿಳಿ ಗುಲಾಬಿ) 60ರಿಂದ 63. ಒಲೆಯಿಂದ ಇಳಿಸಿದ ಮೇಲೂ ಏರುವುದರಿಂದ ದಪ್ಪ ತುಂಡನ್ನು ಮೂರು ಡಿಗ್ರಿ ಮೊದಲೇ ತೆಗೆಯಿರಿ. ಅಮೆರಿಕಾದ ಸರ್ಕಾರಿ ಶಿಫಾರಸು ಮಾತ್ರ 63 ಡಿಗ್ರಿ, ಮೇಲೆ ಮೂರು ನಿಮಿಷ ವಿಶ್ರಾಂತಿ. ಮನೆಯಲ್ಲಿ ಮಕ್ಕಳು, ಗರ್ಭಿಣಿಯರು, ವಯಸ್ಸಾದವರು ಇದ್ದರೆ ಅದನ್ನೇ ಪಾಲಿಸಿ.

*ಶೆಟ್ಟಿ ಸರ್:* ಇನ್ನೊಂದು. ಪ್ಯಾಕಿನ ಮೇಲೆ ಬ್ಲೇಡ್ ಅಥವಾ ಮೆಕ್ಯಾನಿಕಲಿ ಟೆಂಡರೈಸ್ಡ್ (ಯಂತ್ರದಲ್ಲಿ ಚುಚ್ಚಿ ಮೆತ್ತಗೆ ಮಾಡಿದ್ದು) ಎಂದಿದೆಯೇ ನೋಡಿ. 2016ರಿಂದ ಅಲ್ಲಿ ಅದನ್ನು ನಮೂದಿಸುವುದು ಕಡ್ಡಾಯ. ಸೂಜಿಗಳು ಮೇಲ್ಮೈಯ ಬ್ಯಾಕ್ಟೀರಿಯಾವನ್ನು ಒಳಕ್ಕೆ ಒಯ್ದಿರುತ್ತವೆ. ಅಂಥದ್ದನ್ನು ಗುಲಾಬಿಯಾಗಿ ಬಿಡಬೇಡಿ.

*ಡೆನ್ಜಿಲ್:* ಸರ್ 🙏 ಇದು ಆ ಫಾರ್ವರ್ಡ್‌ನಲ್ಲಿ ಇರಬೇಕಿತ್ತು.

*ಸವಿತಾ:* ಬೆಂಗಳೂರಲ್ಲಿರೋರಿಗೆ ಒಂದು ಮಾತು. 2021ರಲ್ಲಿ ಜಾರಿಗೆ ಬಂದ ಗೋಹತ್ಯೆ ತಡೆ ಕಾಯ್ದೆ ಪ್ರಕಾರ ರಾಜ್ಯದಲ್ಲಿ ಕಡಿಯೋಕೆ ಅನುಮತಿ ಇರೋದು 13 ವರ್ಷ ದಾಟಿದ ಎಮ್ಮೆ-ಕೋಣಕ್ಕೆ ಮಾತ್ರ. ಆ ವಯಸ್ಸಿನ ನಾರು ಗಟ್ಟಿ. ಸ್ಕರ್ಟ್, ಫ್ಲ್ಯಾಂಕ್ (ಹೊಟ್ಟೆಯ ಇನ್ನೊಂದು ಕಟ್) ಲೆಕ್ಕ ಇಲ್ಲಿ ಹೊಂದಲ್ಲ. ಅಂಡರ್‌ಕಟ್ (ಬೆನ್ನೆಲುಬಿನ ಕೆಳಗಿನ ಮೆತ್ತನೆ ಭಾಗ) ಕೇಳಿ ತಗೊಳ್ಳಿ, ಕೊಬ್ಬಿಲ್ಲದ್ದರಿಂದ ಎಣ್ಣೆ ಒಂದು ಚಮಚ ಜಾಸ್ತಿ.

*ಗಿರೀಶ್:* ಕಾಯ್ದೆ ಅಂದ್ರಿ, ಈಗ ಯಾರರ ರಾಜಕೀಯ ಶುರು ಮಾಡ್ತಾರ. ಮುಂದ ನಡೀರಿ.

*ಪ್ರಶಾಂತ್:* ಹೊಗೆ ಏನ್ ಮಾಡ್ಲಿ? ಅಪಾರ್ಟ್‌ಮೆಂಟ್. ಅಲಾರಂ ಹೊಡ್ಕೊಳ್ಳುತ್ತೆ.

*ಡೆನ್ಜಿಲ್:* ಒಲೆ ಮೇಲೆ ಮೈಕ್ರೋವೇವ್ ಉಂಟಾ? ಅದರ ಫ್ಯಾನ್ ಹೊರಗೆ ಹೋಗ್ತದಾ ಅಥವಾ ಫಿಲ್ಟರ್ ಮೂಲಕ ಮತ್ತೆ ಅಡುಗೆಮನೆಗೇ ಊದ್ತದಾ ನೋಡು. ಸುಮಾರು ಅಪಾರ್ಟ್‌ಮೆಂಟಲ್ಲಿ ಎರಡನೇದೇ. ಅದು ಹೊಗೆ ತೆಗೆಯುವುದಿಲ್ಲ. ಕಿಟಕಿಯಲ್ಲಿ ಟೇಬಲ್ ಫ್ಯಾನ್ ಹೊರಮುಖ ಮಾಡಿ ಇಡು, ಇನ್ನೊಂದು ಕಿಟಕಿ ಬೆರಳಷ್ಟು ತೆಗೆ. ಎಸಿ ಹೋಗ್ತದೆ ಅಂತ ಕೊರಗಬೇಡ, ಹತ್ತು ನಿಮಿಷ ಅಷ್ಟೇ. ಅಲಾರಂ ಬ್ಯಾಟರಿ ಮಾತ್ರ ಕಳಚಬೇಡ.

*ಸವಿತಾ:* ಎಣ್ಣೆ ಪ್ಯಾನಿಗೆ ಸುರಿಯೋ ಬದಲು ಮಾಂಸಕ್ಕೇ ಸವರು, ಹೊಗೆ ಕಮ್ಮಿ. ಕಾಳುಮೆಣಸು ಕೊನೆಗೆ, ಅದೂ ಕರಟಿ ಹೊಗೆ ಕೊಡುತ್ತೆ. ಮತ್ತೆ ಎರಡು ತುಂಡಿನ ನಡುವೆ ಎರಡು ಬೆರಳು ಜಾಗ ಇರಲಿ. ಒತ್ತೊತ್ತಾಗಿ ಹಾಕಿದ್ರೆ ಪ್ಯಾನ್ ತಣ್ಣಗಾಗಿ ನೀರು ಬಿಟ್ಕೊಂಡು ಬೇಯುತ್ತೆ.

*ಪ್ರಶಾಂತ್:* ಜೊತೆಗೆ?

*ಡೆನ್ಜಿಲ್:* ಅದೇ ಪ್ಯಾನ್ ತೊಳೆಯದೆ. ಎರಡು ಜೋಳದ ತೆನೆಯ ಕಾಳು ಬಿಡಿಸಿ ಜಾಸ್ತಿ ಉರಿಯಲ್ಲಿ ಮೂರು ನಿಮಿಷ, ಕೆದಕದೆ. ಕಪ್ಪು ಚುಕ್ಕೆ ಬಂದ ಮೇಲೆ ನಿಂಬೆರಸ ಹಿಂಡು, ತಳದಲ್ಲಿ ಹಿಡಿದ ಕಂದು ಎಲ್ಲ ಬಿಟ್ಟುಬರ್ತದೆ. ಸ್ಟೀಕ್ ಸುಧಾರಿಸಿಕೊಳ್ಳುವ ಹೊತ್ತಿಗೆ ಇದು ರೆಡಿ.

*ಗಿರೀಶ್:* ಹೆಸರಬ್ಯಾಳಿ ಕೋಸಂಬರಿ ಮಾಡಲೇ. ಒಂದು ತಾಸು ನೆನಸಿದ ಬ್ಯಾಳಿ, ಸೌತಿಕಾಯಿ, ಕೊತ್ತಂಬರಿ, ನಿಂಬಿಹುಳಿ. ಒಲಿನೂ ಬ್ಯಾಡ. ಉಪ್ಪು ಮಾತ್ರ ಬಡಿಸೋ ಮುಂದ ಹಾಕು, ಇಲ್ಲಾಂದ್ರ ಸೌತಿಕಾಯಿ ನೀರು ಬಿಟ್ಟು ತಟ್ಟಿ ತುಂಬಾ ಹರಿದು ತೊಗಟಿ ಮೆತ್ತಗ ಮಾಡ್ತೈತಿ.

*ಡೆನ್ಜಿಲ್:* ಸ್ಟೀಕ್ ಜೊತೆ ಕೋಸಂಬರಿ!

*ಸವಿತಾ:* ಯಾಕಾಗಬಾರದು? ಕೊಬ್ಬಿಗೆ ಹುಳಿ ಬೇಕೇ ಬೇಕು. ಅರ್ಜೆಂಟೀನಾದವರು ಚಿಮಿಚುರಿ (ಸೊಪ್ಪು-ವಿನೆಗರ್ ಚಟ್ನಿ) ಹಾಕೋದೂ ಅದಕ್ಕೇ.

*ಪ್ರಶಾಂತ್:* ಸರಿ, ಸ್ಕರ್ಟ್ ಅಂತಲೇ ಇಟ್ಕೊಳ್ಳೋಣ. ಕತ್ತರಿಸೋದು ಹೇಗೆ? ಹೋಟೆಲಲ್ಲಿ ತಿಂದ್ರೆ ಮೆತ್ತಗಿರುತ್ತೆ, ಬೇರೆಯವರ ಮನೇಲಿ ರಬ್ಬರು.

*ಸವಿತಾ:* ಮೂರು ನಿಮಿಷ ಜಾಲರಿ ಮೇಲೆ ಬಿಡು. ದಪ್ಪ ಕಟ್ ಆದ್ರೆ ಐದಾರು. ಫಾಯಿಲ್ ಮುಚ್ಚಬೇಡ, ಹಬೆಗೆ ತೊಗಟೆ ಮೆತ್ತಗಾಗುತ್ತೆ. ಆಮೇಲೆ ಎಳೆ ನೋಡು. ಸ್ಕರ್ಟ್ ಅಂದ್ರೆ ಉದ್ದನೆಯ ಪಟ್ಟಿ, ಅದರ ಎಳೆ ಹೋಗೋದು ಅಡ್ಡಕ್ಕೆ, ಅಗಲದುದ್ದಕ್ಕೆ. ಎಲ್ಲರೂ ಪಟ್ಟಿಯ ತುದಿಯಿಂದ ಹೆಚ್ಚುತ್ತಾ ಹೋಗ್ತಾರೆ, ಆಗ ಚಾಕು ಎಳೆಯ ಜೊತೆಗೇ ಹೋಗಿ ಉದ್ದುದ್ದ ನಾರು ಬಾಯಿಗೆ ಸಿಗುತ್ತೆ. ಮೊದಲು ಪಟ್ಟಿನ ನಾಲ್ಕು ಇಂಚಿನ ತುಂಡು ಮಾಡು. ಒಂದೊಂದನ್ನೂ ಕಾಲು ಸುತ್ತು ತಿರುಗಿಸು. ಈಗ ಚಾಕು ಎಳೆಗೆ ಅಡ್ಡ ಬರುತ್ತೆ. ಅರ್ಧ ಸೆಂಟಿಮೀಟರ್ ದಪ್ಪಕ್ಕೆ, ಚಾಕು ಸ್ವಲ್ಪ ಓರೆ ಹಿಡಿದು ಹೆಚ್ಚು. ಫ್ಲ್ಯಾಂಕ್‌ಗೆ ಈ ತಿರುಗಿಸೋದು ಬೇಡ, ಅದರ ಎಳೆ ಉದ್ದಕ್ಕೇ ಇರುತ್ತೆ.

*ಡೆನ್ಜಿಲ್:* ಮತ್ತೆ ಸ್ಕರ್ಟನ್ನು ರೇರ್ (ಅರೆಹಸಿ) ಬಿಡಬೇಡ. ಜಗಿಯಲಿಕ್ಕೆ ಆಗುವುದಿಲ್ಲ, ಅದಕ್ಕೆ ಮೀಡಿಯಂ ಒಳ್ಳೇದು. ಇಷ್ಟು ಹೇಳಿದ ಮೇಲೂ ನನ್ನ ಓಟು ಸ್ಟ್ರಿಪ್‌ಗೇ.

*ಪ್ರಶಾಂತ್:* ಅಂಗಡಿಯಲ್ಲೇ ಇದ್ದೀನಿ. ಮೆಕ್ಸಿಕನ್ ಗ್ರೋಸರಿ. ಸ್ಕರ್ಟ್ ಅಂತ ಬೋರ್ಡೇ ಇಲ್ಲ ಗುರು. "ಅರ್ರಚೇರಾ" ಅಂತ ಎರಡು ಥರ ಇದೆ. ಒಂದು ಹಾಗೇ, ಇನ್ನೊಂದರ ಮುಂದೆ "ಪ್ರೆಪರಾದಾ" ಅಂತ ಬರೆದಿದ್ದಾರೆ, ಕೆಂಪಗೆ ಹೊಳೀತಿದೆ.

*ಸವಿತಾ:* ಅರ್ರಚೇರಾನೇ ಸ್ಕರ್ಟ್. ಟೆಕ್ಸಾಸ್‌ನ ಫಹೀತಾ (ರೊಟ್ಟಿಯಲ್ಲಿ ಸುತ್ತಿ ತಿನ್ನೋ ಮಾಂಸದ ಪಟ್ಟಿ) ಹುಟ್ಟಿದ್ದೇ ಆ ಕಟ್‌ನಿಂದ. ಪ್ರೆಪರಾದಾ ಮಸಾಲೆಯಲ್ಲಿ ನೆನೆಸಿಟ್ಟದ್ದು, ಒದ್ದೆ ಇರುತ್ತೆ, ಸಕ್ಕರೆ ಇದ್ರೆ ಬಣ್ಣ ಬರೋ ಮೊದಲೇ ಕರಟುತ್ತೆ. ಹಾಗೇ ಇರೋದನ್ನ ತಗೋ. ಔಟ್‌ಸೈಡ್ ಸ್ಕರ್ಟ್ ಇದೆಯಾ ಕೇಳು, ಇನ್‌ಸೈಡ್‌ಗಿಂತ ಮೆತ್ತಗೆ.

*ಡೆನ್ಜಿಲ್:* ಬಿಳಿ ಪೊರೆ ಅಂಟಿಕೊಂಡಿದ್ದರೆ ಅಲ್ಲೇ ಸುಲಿಸಿಕೊಂಡು ಬಾ. ಅದು ಕಾವಿಗೆ ಕುಗ್ಗಿ ಇಡೀ ತುಂಡು ಸುರುಳಿ ಸುತ್ತಿಕೊಳ್ತದೆ.

*ಪ್ರಶಾಂತ್:* ಸುಲೀತಿದ್ದಾರೆ. 700 ಗ್ರಾಂ ಬಂತು. ಮೂರು ಜನಕ್ಕೆ ಸಾಕಾ?

*ಗಿರೀಶ್:* ಸಾಕು. ಎರಡು ಕಂತಿನ್ಯಾಗ ಬೇಯಿಸು, ನಡುವೆ ಒಂದು ನಿಮಿಷ ಪ್ಯಾನ್ ಮತ್ತ ಕಾಯಾಕ ಬಿಡು.